ಹಳೆಯ ಜೀಪಿಗೆ ಹೊಸ ಎಂಜಿನು: ಪುತ್ತೂರು, ಸುಳ್ಯ, ಕಡಬ ಸೀಮೆಯಲ್ಲೊಂದು ಸಂಚಾರ

ದಕ್ಷಿಣ ಕನ್ನಡ ಜಿಲ್ಲೆಯೆಂದೊಡನೆ ಹೊರಸೀಮೆಯವರ ಮನಸ್ಸಿಗೆ ಕಡಲೂ ಮೀನೂ ತೆಂಗಿನ ಸಾಲೂ ಮೊದಲು ತೋರುವುದು ಸಹಜವೇ. ಆದರೆ ಜಿಲ್ಲೆಯ ಮೂಡಣ ಭಾಗದ ಬಾಳಿಗೂ ಕಡಲಿಗೂ ಹೆಚ್ಚಿನ ನಂಟಿಲ್ಲ. ಮಂಗಳೂರಿನಿಂದ ಮೂಡಲಿಗೆ ಹೊರಟು ಮಾಣಿಯಲ್ಲಿ ಬಲಕ್ಕೆ ಹೊರಳಿದರೆ ಪುತ್ತೂರು. ಅಲ್ಲಿಂದ ಮಡಿಕೇರಿಯ ದಾರಿ ಹಿಡಿದರೆ ಪಯಸ್ವಿನಿಯ ದಡದಲ್ಲಿ ಸುಳ್ಯ. ಸುಳ್ಯದಿಂದ ಬಡಗಲಿಗೆ, ಕುಮಾರಧಾರೆಯ ಸೀಮೆಯಲ್ಲಿ, ಪುತ್ತೂರು ಸುಳ್ಯ ತಾಲೂಕುಗಳ ಗ್ರಾಮಗಳನ್ನು ಸೇರಿಸಿ ಈಚೆಗೆ ರಚಿಸಿದ ಕಡಬ. ಈ ಮೂರೂ ತಾಲೂಕುಗಳು ಪಶ್ಚಿಮ ಘಟ್ಟದ ಬುಡದಲ್ಲಿ ಮಡಿಕೆ ಮಡಿಕೆಯಾಗಿ ಹಾಸಿದ ಗುಡ್ಡ ಬೈಲುಗಳ ನಾಡು. ಇಲ್ಲಿನ ವಾಹನಗಳೆಲ್ಲಕ್ಕೂ ಪುತ್ತೂರಿನ ನೋಂದಣಿಯ ಗುರುತಾದ ಕೆಎ 21 ಎಂಬ ಒಂದೇ ಹಣೆಬರಹ.

ಬಯಲುಸೀಮೆಯಂತೆ ನೂರಾರು ಮನೆಗಳು ಒತ್ತಾಗಿ ಕೂಡಿದ ಊರುಗಳನ್ನು ಇಲ್ಲಿ ಹುಡುಕಬಾರದು. ಒಂದೊಂದು ಮನೆಗೆ ಒಂದೊಂದು ಬೈಲು. ಬೈಲಿನಲ್ಲಿ ಅಡಕೆಯ ತೋಟ. ತೋಟದ ಬದಿಯಲ್ಲಿ ಹರಿಯುವ ತೋಡು. ಅದರ ಮೇಲಣ ಗುಡ್ಡದಲ್ಲಿ ಗೇರು, ರಬ್ಬರು. ಹೆದ್ದಾರಿಯಿಂದ ಮನೆಯಂಗಳವನ್ನು ಮುಟ್ಟುವುದಕ್ಕೆ ಒಂದೆರಡು ಮೈಲಿಯ ಖಾಸಗಿ ದಾರಿ ಇರುವುದೂ ಉಂಟು. ಮುರಕಲ್ಲಿನ ಗುಡ್ಡವನ್ನು ಕಡಿದು ಮಾಡಿದ ಆ ದಾರಿಯು ಬೇಸಗೆಯಲ್ಲಿ ಕೆಂಪು ಧೂಳು, ಮಳೆಗಾಲದಲ್ಲಿ ಕೆಂಪು ಕೆಸರು. ವರ್ಷಕ್ಕೆ ಸುಮಾರು 4,000 ಮಿಲಿಮೀಟರಿನಷ್ಟು ಮಳೆ ಸುರಿಯುವ ಸೀಮೆಯಿದು. ಅದರಲ್ಲಿ ಹೆಚ್ಚಿನ ಪಾಲು ಜೂನಿನಿಂದ ಸೆಪ್ಟೆಂಬರಿನೊಳಗೇ ಬಿದ್ದು ಹೋಗುವುದು.

ಪುತ್ತೂರಿನಿಂದ ಕುಂಬ್ರ, ಕಾವು, ಕನಕಮಜಲು, ಜಾಲ್ಸೂರುಗಳನ್ನು ದಾಟಿ ಸುಳ್ಯಕ್ಕೆ ಹೋಗುವ ಹೆದ್ದಾರಿಯಲ್ಲಿ ಸಾಗುವ ಪಯಣಿಗನಿಗೆ ಈ ಕಷ್ಟವೊಂದೂ ತಿಳಿಯಲಾರದು. ದಾರಿ ನುಣುಪಾಗಿದೆ, ಎಲ್ಲ ಊರುಗಳಂತೆ ಇಲ್ಲಿಯೂ ಹೊಸ ಹೊಸ ಕಾರುಗಳು ಓಡಾಡುತ್ತವೆ. ಆದರೆ ಎಡಬಲದ ಯಾವುದಾದರೊಂದು ಮಣ್ಣಿನ ದಾರಿಗೆ ಇಳಿದು, ಚಡಾವು ಎಂದು ಇಲ್ಲಿನವರು ಕರೆಯುವ ಕಡಿದಾದ ಏರನ್ನು ಹತ್ತಿ ಇಳಿದರೆ, ನಾಡಿನ ನಿಜವಾದ ವಾಹನವು ಕಣ್ಣಿಗೆ ಬೀಳುವುದು. ಅಡಕೆ ಒಣಗಿಸುವ ಅಂಗಳದ ಆಚೆ, ಹಂಚಿನ ಮಾಡಿನ ಕೆಳಗೆ, ಹಳೆಯ ಜೀಪೊಂದು ನಿಂತಿರುತ್ತದೆ. ಅಜ್ಜನ ಕಾಲದ್ದೆಂದು ಮನೆಯವರು ಹೆಮ್ಮೆಯಿಂದ ತೋರಿಸುವರು. ಮುಚ್ಚಳವನ್ನು ಎತ್ತಿ ನೋಡಿದರೆ ಮಾತ್ರ, ಒಳಗಿರುವ ಎಂಜಿನು ಅಜ್ಜನ ಕಾಲದ್ದಲ್ಲವೆಂಬುದು ತಿಳಿಯುವುದು. ಮೈ ಒಂದು ಕಾಲದ್ದು, ಎದೆ ಇನ್ನೊಂದು ಕಾಲದ್ದು. ಈ ಸಂಗತಿಯ ಹಿಂದಿರುವ ಕಾರಣಗಳನ್ನೂ, ಅದರಿಂದ ಹುಟ್ಟುವ ಪ್ರಶ್ನೆಯನ್ನೂ ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಯಂತ್ರವನ್ನು ನೆಲಕ್ಕೂ ಕಾಲಕ್ಕೂ ಹೊಂದಿಸಿಕೊಳ್ಳುವ ಜಾಣ್ಮೆ ಈ ಜಿಲ್ಲೆಗೆ ಹೊಸತಲ್ಲ. ಮಂಗಳೂರಿನಲ್ಲಿ 1914ರಲ್ಲಿ ಕೆನರಾ ಪಬ್ಲಿಕ್ ಕನ್ವೆಯನ್ಸ್ ಕಂಪೆನಿಯು ಹುಟ್ಟಿದಂದಿನಿಂದ ಇಲ್ಲಿ ಮೋಟಾರು ಸರ್ವಿಸು ಬೆಳೆಯಿತು. ಎರಡನೆಯ ಮಹಾಯುದ್ಧದಲ್ಲಿ ಪೆಟ್ರೋಲಿಗೆ ಬರ ಬಂದಾಗ ಬಸ್ಸುಗಳ ಹಿಂಬದಿಗೆ ಕಬ್ಬಿಣದ ಒಲೆಗಳನ್ನು ಕಟ್ಟಿ, ಮರದ ಇದ್ದಲನ್ನು ಉರಿಸಿ, ಅದರಿಂದ ಹೊರಟ ಅನಿಲದಿಂದಲೇ ಎಂಜಿನನ್ನು ಓಡಿಸಿದರು. ಪೆಟ್ರೋಲಿನ ಶಕ್ತಿ ಆ ಅನಿಲಕ್ಕೆಲ್ಲಿಂದ ಬರಬೇಕು? ಏರು ಬಂದಲ್ಲಿ ಪ್ರಯಾಣಿಕರು ಇಳಿದು ನೂಕಬೇಕಾಗುತ್ತಿತ್ತೆಂದು ಹಿರಿಯರು ನಗುತ್ತ ಹೇಳುವುದನ್ನು ಅನೇಕರು ಕೇಳಿರಬಹುದು. ಬಂಡಿ ನಿಲ್ಲಬಾರದು, ಅದಕ್ಕಾಗಿ ಏನನ್ನು ಬದಲಿಸಿದರೂ ಸರಿ ಎಂಬ ಬುದ್ಧಿ ಅಂದೇ ಇಲ್ಲಿ ಬೇರೂರಿತ್ತು.

ಅದೇ ಯುದ್ಧಕ್ಕಾಗಿ ಅಮೆರಿಕದಲ್ಲಿ ಹುಟ್ಟಿದ ವಾಹನವೇ ಜೀಪು. 1947ರಿಂದ ಮಹೀಂದ್ರ ಕಂಪೆನಿಯವರು ವಿಲ್ಲೀಸ್ ಜೀಪುಗಳನ್ನು ನಮ್ಮ ದೇಶದಲ್ಲಿ ಜೋಡಿಸತೊಡಗಿದರು. ನಾಲ್ಕು ಚಕ್ರಗಳಿಗೂ ಎಂಜಿನಿನ ಎಳೆತ ದೊರೆಯುವ ಈ ಪುಟ್ಟ ಬಂಡಿಯು, ಎತ್ತಿನ ಗಾಡಿಯೂ ಏರಲು ಹಿಂಜರಿಯುವ ಚಡಾವುಗಳನ್ನು ಏರಿತು. ಗೊಬ್ಬರ, ಸೊಪ್ಪು, ಅಡಕೆಯ ಮೂಟೆ, ಬಾಣಂತಿ, ರೋಗಿ, ಮದುವೆಯ ದಿಬ್ಬಣ ಎಲ್ಲವೂ ಅದರಲ್ಲಿಯೇ. ಗುತ್ತಿಗಾರು, ಸುಬ್ರಹ್ಮಣ್ಯ, ಕಡಬಗಳ ಕಡೆಯಲ್ಲಿ ಬಸ್ಸು ತಲುಪದ ಹಳ್ಳಿಗಳಿಗೆ ಬಾಡಿಗೆಯ ಸರ್ವಿಸ್ ಜೀಪುಗಳೇ ಆಧಾರವಾದುವು.

ಆ ಜೀಪುಗಳಲ್ಲಿ ಇದ್ದದ್ದು ಸುಮಾರು 2,200 ಸಿಸಿ ಅಳತೆಯ ನಾಲ್ಕು ಸಿಲಿಂಡರಿನ ಪೆಟ್ರೋಲು ಎಂಜಿನು. ಗಟ್ಟಿಮುಟ್ಟಾದದ್ದೇನೋ ಹೌದು, ಆದರೆ ಈ ಸೀಮೆಯಲ್ಲಿ ಅದಕ್ಕೆ ಎರಡು ದೋಷಗಳು ತೋರಿಬಂದುವು. ಮೊದಲನೆಯದು ಅದರ ದಾಹ. ಸದಾ ಕೆಳಗಣ ಗೇರಿನಲ್ಲಿ ಏರನ್ನು ಹತ್ತುವಾಗ ಅದು ಪೆಟ್ರೋಲನ್ನು ನೀರಿನಂತೆ ಕುಡಿಯುತ್ತಿತ್ತು. ಎರಡನೆಯದು ನೀರಿನ ಭಯ. ಪೆಟ್ರೋಲು ಎಂಜಿನಿನಲ್ಲಿ ವಿದ್ಯುತ್ತಿನ ಕಿಡಿ ಹಾರಿ ಇಂಧನವು ಹೊತ್ತಬೇಕು. ಮಳೆಗಾಲದಲ್ಲಿ ತೋಡನ್ನು ದಾಟುವಾಗ ಆ ಕಿಡಿಯ ಸಾಧನಗಳಿಗೆ ನೀರು ಸಿಡಿದರೆ ಎಂಜಿನು ನಡುನೀರಿನಲ್ಲಿಯೇ ನಿಂತುಬಿಡುವುದು. ಡೀಸೆಲ್ ಎಂಜಿನಿಗಾದರೋ ಕಿಡಿಯ ಹಂಗಿಲ್ಲ. ಅದರಲ್ಲಿ ಗಾಳಿಯನ್ನು ಬಲವಾಗಿ ಒತ್ತುವಾಗ ಹುಟ್ಟುವ ಕಾವಿನಿಂದಲೇ ಎಣ್ಣೆಯು ಹೊತ್ತಿಕೊಳ್ಳುತ್ತದೆ. ಗಾಳಿ ಸೇದುವ ಬಾಯಿಗೆ ನೀರು ನುಗ್ಗದಿದ್ದರೆ ಸಾಕು, ಅದು ಗುಡುಗುಡು ಎನ್ನುತ್ತ ದಡ ಸೇರುವುದು. ಅಲ್ಲದೆ ಕಡಿಮೆ ವೇಗದಲ್ಲಿಯೂ ಅದರ ಎಳೆತ ಹೆಚ್ಚು. ಏರಿನಲ್ಲಿ ಬೇಕಾದುದು ಓಟವಲ್ಲ, ಎಳೆತವೇ.

1979ರಲ್ಲಿ ಮಹೀಂದ್ರ ಕಂಪೆನಿಯು ಫ್ರಾನ್ಸಿನ ಪ್ಯೂಜೋ ಕಂಪೆನಿಯೊಡನೆ ಒಪ್ಪಂದ ಮಾಡಿಕೊಂಡು ಎಕ್ಸ್‌ಡಿಪಿ 4.90 ಎಂಬ ಡೀಸೆಲ್ ಎಂಜಿನನ್ನು ಇಲ್ಲಿಯೇ ತಯಾರಿಸುವ ಹಕ್ಕನ್ನು ಪಡೆಯಿತು. ನಾಲ್ಕು ಸಿಲಿಂಡರು, ಒಂದೊಂದರ ಅಗಲ 90 ಮಿಲಿಮೀಟರು ಎಂಬುದನ್ನೇ ಆ ಹೆಸರಿನ ಅಂಕೆಗಳು ಸೂಚಿಸುತ್ತವೆ. ಒಟ್ಟು ಅಳತೆ 2,112 ಸಿಸಿ. ಹೊಸ ಜೀಪುಗಳಲ್ಲಿ ಈ ಎಂಜಿನೂ, ಟ್ರಾಕ್ಟರಿನ ವಂಶದ ಇನ್ನೊಂದು ಡೀಸೆಲ್ ಎಂಜಿನೂ ಬಂದುವು. ಅವು ಬಿಡಿಯಾಗಿ ದೊರೆಯತೊಡಗಿದೊಡನೆ ಹಳೆಯ ಪೆಟ್ರೋಲು ಜೀಪುಗಳ ಒಡೆಯರು ಸುಮ್ಮನಿರಲಿಲ್ಲ. ದೇಶದ ಬೇರೆ ಕಡೆಗಳಲ್ಲಿ ಅಂಬಾಸಿಡರ್ ಕಾರುಗಳಿಗೆ ಡೀಸೆಲ್ ಎಂಜಿನು ಕೂರಿಸಿದಂತೆಯೇ ಇಲ್ಲಿ ಜೀಪುಗಳಿಗೆ ಕೂರಿಸಿದರು.

ಈ ಕೆಲಸವು ಕಾರ್ಖಾನೆಯದಲ್ಲ, ಊರ ಗ್ಯಾರೇಜಿನದು. ಸರಪಳಿಯ ರಾಟೆಯಿಂದ ಹಳೆಯ ಎಂಜಿನನ್ನು ಎತ್ತಿ ಬದಿಗಿಡುವುದು ಸುಲಭ. ಹೊಸದನ್ನು ಕೂರಿಸುವುದರಲ್ಲಿ ಮೇಸ್ತ್ರಿಯ ಕೈಚಳಕವಿದೆ. ಒಂದು ಮನೆತನದ ಎಂಜಿನನ್ನು ಇನ್ನೊಂದು ಮನೆತನದ ಗೇರು ಪೆಟ್ಟಿಗೆಗೆ ಕೂಡಿಸಬೇಕಾದರೆ ನಡುವೆ ದಪ್ಪ ಉಕ್ಕಿನ ತಗಡೊಂದನ್ನು ಲೇತಿನಲ್ಲಿ ಕಡೆದು ಹಾಕಬೇಕು. ಎರಡರ ಅಕ್ಷಗಳೂ ಕೂದಲೆಳೆಯಷ್ಟೂ ತಪ್ಪದೆ ಒಂದೇ ಗೆರೆಯಲ್ಲಿ ನಿಲ್ಲಬೇಕು. ತಪ್ಪಿದರೆ ಕ್ಲಚ್ಚೂ ಬೇರಿಂಗೂ ಬೇಗನೆ ಸವೆದುಹೋಗುವುವು. ಡೀಸೆಲ್ ಎಂಜಿನು ಹೆಚ್ಚು ಭಾರವಾದುದರಿಂದ ಮುಂದಣ ಸ್ಪ್ರಿಂಗು ಪಟ್ಟಿಗಳನ್ನು ಬಲಪಡಿಸಬೇಕು. ಹೆಚ್ಚು ನಡುಗುವುದರಿಂದ ರಬ್ಬರಿನ ಮೆತ್ತೆಗಳನ್ನು ಒಪ್ಪವಾಗಿ ಇಡಬೇಕು. ಸ್ಟಾರ್ಟರಿಗೆ ದೊಡ್ಡ ಬ್ಯಾಟರಿ ಬೇಕು. ಈಚಿನ ಎಂಜಿನುಗಳಲ್ಲಿ ಎಣ್ಣೆಯ ಅಳತೆಯನ್ನು ಗಣಕವೇ ನೋಡಿಕೊಳ್ಳುವುದರಿಂದ ಅವುಗಳ ತಂತಿಗಳ ಜಾಲವನ್ನೆಲ್ಲ ಜೊತೆಗೆ ತರಬೇಕಾಗುವುದು. ಹಟ್ಟಿಯ ಬದಿಯಲ್ಲಿ, ತೇವದಲ್ಲಿ, ಇಲಿಗಳ ನಡುವೆ ನಿಲ್ಲುವ ಜೀಪಿಗೆ ಗಣಕವಿಲ್ಲದ ಹಳೆಯ ಬಗೆಯ ಡೀಸೆಲ್ ಎಂಜಿನೇ ಹೆಚ್ಚು ಒಪ್ಪುವುದು.

ಹೀಗೆ ಎಂಜಿನು ಬದಲಾದ ಮೇಲೆ ಅದು ಅಜ್ಜನ ಜೀಪೇ ಹೌದೋ ಅಲ್ಲವೋ? ನಮ್ಮ ಸೀಮೆಯವರಿಗೆ ಈ ಪ್ರಶ್ನೆಯು ಸುಲಭವಾಗಿ ತೋರಬಹುದು. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದ ಮೇಲೆ, ಮುಳಿಹುಲ್ಲಿನ ಮಾಡುಗಳು ಒಂದೊಂದಾಗಿ ಹೋಗಿ ಹಂಚಿನ ಮಾಡುಗಳಾದುವು. ಮಣ್ಣಿನ ಗೋಡೆ ಮುರಕಲ್ಲಿನದಾಯಿತು. ಸೆಗಣಿಯ ನೆಲ ಸಿಮೆಂಟಿನದಾಯಿತು. ಆದರೂ ಮನೆಯ ಹೆಸರು ಬದಲಾಗಲಿಲ್ಲ. ದೇವಸ್ಥಾನಗಳ ಜೀರ್ಣೋದ್ಧಾರದಲ್ಲಿಯೂ ಕಲ್ಲು, ಮರ, ಮಾಡು ಹೊಸತಾಗುವುದುಂಟು. ಸಾನ್ನಿಧ್ಯವು ಹೊಸತೆಂದು ಯಾರೂ ಹೇಳುವುದಿಲ್ಲ. ದುಡಿಯುವ ವಸ್ತುವು ದುಡಿಯುತ್ತಲೇ ಇದ್ದರೆ ಅದರ ಬಾಳು ಮುಂದುವರಿದಂತೆ ಎಂಬುದು ನಮ್ಮ ಎಣಿಕೆ. ಎಂಜಿನು ಬದಲಾಗದೆ ಇದ್ದಿದ್ದರೆ ಆ ಜೀಪುಗಳಲ್ಲಿ ಹೆಚ್ಚಿನವು ಎಂದೋ ಗುಜರಿಗೆ ಸೇರುತ್ತಿದ್ದುವು.

ಆದರೆ ಇನ್ನೊಂದು ಎಣಿಕೆಯೂ ಇದೆ; ಅದನ್ನು ಹಗುರವಾಗಿ ಕಾಣುವಂತಿಲ್ಲ. ಎಲ್ಲ ಜೀಪುಗಳ ಎಂಜಿನುಗಳೂ ಹೀಗೆಯೇ ಗುಜರಿಗೆ ಹೋದರೆ, ಹುಟ್ಟಿದಾಗ ಆ ವಾಹನವು ಹೇಗಿತ್ತು, ಅದರ ಸದ್ದು ಎಂತಹದು ಎಂಬುದನ್ನು ಮೊಮ್ಮಕ್ಕಳಿಗೆ ತೋರಿಸಲು ಒಂದಾದರೂ ಉಳಿಯದು. 2021ರ ಜುಲೈಯಲ್ಲಿ ಕೇಂದ್ರ ಸರಕಾರವು ಹೊರಡಿಸಿದ ನಿಯಮಗಳು ಈ ದೃಷ್ಟಿಯನ್ನೇ ಹಿಡಿದಿವೆ. 50 ವರ್ಷ ಮೀರಿದ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಿ, ವಿಎ ಎಂಬ ಅಕ್ಷರಗಳುಳ್ಳ ವಿಶೇಷ ಫಲಕವನ್ನು ಪಡೆಯಬಹುದು. ಆದರೆ ಅದರ ಚಾಸಿ, ಮೈ, ಎಂಜಿನುಗಳಲ್ಲಿ ಗಣನೀಯವಾದ ಮಾರ್ಪಾಡು ಆಗಿರಕೂಡದು. ಮತ್ತು ಅದನ್ನು ದಿನದ ಓಡಾಟಕ್ಕಾಗಲಿ ಬಾಡಿಗೆಗಾಗಲಿ ಬಳಸಕೂಡದು. ಎಂದರೆ, ಮರ್ಯಾದೆಯ ಫಲಕವೂ ಬೇಕು, ಗೊಬ್ಬರವನ್ನೂ ಹೊರಬೇಕು ಎಂದರೆ ಆಗದು. ಜೀಪು ದುಡಿಯಬೇಕೋ, ಪಟ್ಟದಲ್ಲಿ ಕೂರಬೇಕೋ ಎಂಬುದನ್ನು ಮನೆಯವರು ಮೊದಲೇ ನಿಶ್ಚಯಿಸಬೇಕು.

ದುಡಿಯಲೆಂದು ನಿಶ್ಚಯಿಸಿದವರಿಗೂ ಕಟ್ಟಳೆಗಳುಂಟು. ನೋಂದಣಿ ಪತ್ರದಲ್ಲಿ ಚಾಸಿಯ ಸಂಖ್ಯೆ, ಎಂಜಿನಿನ ಸಂಖ್ಯೆ, ಇಂಧನದ ಬಗೆ ಎಲ್ಲವೂ ಬರೆದಿರುತ್ತವೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣದಂತೆ ಇವನ್ನು ಒಡೆಯನು ತನ್ನ ಇಷ್ಟದಂತೆ ಬದಲಿಸುವಂತಿಲ್ಲ. ನೋಂದಣಿ ಅಧಿಕಾರಿಯ ಒಪ್ಪಿಗೆಯೂ ಪತ್ರದಲ್ಲಿ ದಾಖಲೆಯೂ ಬೇಕು. ಇದು ಬರಿಯ ಕಾಗದದ ಮಾತೆಂದು ತಿಳಿಯಬಾರದು. ಪತ್ರದಲ್ಲಿ ಪೆಟ್ರೋಲು, ಮುಚ್ಚಳದೊಳಗೆ ಡೀಸೆಲ್ ಇರುವ ಜೀಪು ಎಲ್ಲಿಯಾದರೂ ಮಗುಚಿತೆಂದರೆ, ವಿಮೆಯ ಪರಿಹಾರಕ್ಕಾಗಿ ಆ ಸಂಸಾರವು ಕೋರ್ಟಿನ ಮೆಟ್ಟಲು ಸವೆಸಬೇಕಾದೀತು.

ಮಗುಚುವ ಮಾತು ಬಂದುದರಿಂದ ಇನ್ನೊಂದು ಎಚ್ಚರಿಕೆಯನ್ನು ಹೇಳಿಯೇ ಮುಗಿಸಬೇಕು. ಎಂಜಿನನ್ನು ಬದಲಿಸುವವರಲ್ಲಿ ಅನೇಕರು ಬ್ರೇಕನ್ನು ಮರೆಯುವರು. ಏರುವುದಕ್ಕೆ ಎಂಜಿನು ಬೇಕು ನಿಜ. ಆದರೆ ಏರಿದ್ದೆಲ್ಲ ಇಳಿಯಬೇಕಲ್ಲವೇ? ಹೊಸ ಎಂಜಿನಿನ ಭಾರವೂ ಬಲವೂ ಹೆಚ್ಚಿ, ಅರವತ್ತು ವರ್ಷಗಳ ಹಿಂದಿನ ಬ್ರೇಕೂ ಸ್ಟಿಯರಿಂಗೂ ಹಾಗೆಯೇ ಉಳಿದರೆ, ಮಳೆಯಲ್ಲಿ ನೆನೆದ ಇಳಿಜಾರಿನಲ್ಲಿ ಕಾಪಾಡುವವರು ಯಾರು? ಹಿಂದೆ ಮಕ್ಕಳನ್ನೂ ಮುದುಕರನ್ನೂ ತುಂಬಿಕೊಂಡು ಹೋಗುವ ಬಂಡಿಯಲ್ಲಿ ಮೊದಲು ಖರ್ಚು ಮಾಡಬೇಕಾದುದು ಬ್ರೇಕಿಗೆ, ಆಮೇಲೆ ಎಂಜಿನಿಗೆ.

ಲೆಕ್ಕವನ್ನೂ ಇಂದಿನ ಕಣ್ಣಿನಿಂದ ನೋಡಬೇಕು. ಡೀಸೆಲು ಬಹಳ ಅಗ್ಗವಾಗಿದ್ದ ದಿನಗಳಲ್ಲಿ ಎಂಜಿನಿನ ಬೆಲೆಯು ಎಣ್ಣೆಯ ಉಳಿತಾಯದಿಂದಲೇ ಬೇಗ ಹಿಂದಕ್ಕೆ ಬರುತ್ತಿತ್ತು. 2010ರಲ್ಲಿ ಪೆಟ್ರೋಲಿನ ಮೇಲಣ, 2014ರಲ್ಲಿ ಡೀಸೆಲಿನ ಮೇಲಣ ದರದ ಹತೋಟಿ ಸಡಿಲಿದ ಬಳಿಕ ಎರಡರ ನಡುವಣ ಅಂತರವು ತಗ್ಗಿಹೋಯಿತು. ತೋಡಿಗೂ ತೋಟಕ್ಕೂ ವರ್ಷದಲ್ಲಿ ಕೆಲವೇ ದಿನ ಇಳಿಯುವ ಜೀಪಾದರೆ, ಹಳೆಯ ಎಂಜಿನನ್ನೇ ಒಳ್ಳೆಯ ಮೇಸ್ತ್ರಿಯಿಂದ ಬಿಚ್ಚಿಸಿ ಸರಿಪಡಿಸಿಕೊಳ್ಳುವುದು ಈಗ ಮೇಲು.

ಬದಲಿಸಲೇಬೇಕಾದವರಿಗೆ ಒಂದು ಬಿನ್ನಹ. ತೆಗೆದ ಎಂಜಿನನ್ನು ಗುಜರಿಯ ತಕ್ಕಡಿಗೆ ಹಾಕಬೇಡಿ. ಎಣ್ಣೆ ಸವರಿ, ಬಾಯಿಗಳನ್ನು ಮುಚ್ಚಿ, ಅಡಕೆಯ ಕೊಟ್ಟಗೆಯ ಒಂದು ಮೂಲೆಯಲ್ಲಿ ಮರದ ಹಲಗೆಯ ಮೇಲಿಡಿ. ಅದರ ಸಂಖ್ಯೆಯನ್ನೂ ತೆಗೆದ ದಿನವನ್ನೂ ಬರೆದಿಡಿ. ಚಾಸಿಯನ್ನು ಕೊಯ್ಯದೆ ಹೊಸದನ್ನು ಕೂರಿಸಬಲ್ಲ ಮೇಸ್ತ್ರಿಯನ್ನೇ ಹುಡುಕಿ. ಹೀಗೆ ಮಾಡಿದರೆ, ಇಂದಿನ ದುಡಿಮೆಗೆ ಜೀಪೂ ಒದಗುವುದು. ಮುಂದೆ ಎಂದಾದರೂ ಮೊಮ್ಮಗನಿಗೆ ಅಜ್ಜನ ಜೀಪಿನ ನಿಜವಾದ ಸದ್ದನ್ನು ಕೇಳುವ ಆಸೆಯಾದರೆ, ಆ ಬಾಗಿಲೂ ಮುಚ್ಚಿರದು.