ಗೀರು, ನೆಗ್ಗು, ಬಿರುಕು, ಮುಕ್ಕು

ನಿಮ್ಮ ಮಗು ಕನ್ನಡದಲ್ಲಿ ಏನೇನು ಮಾತಾಡುತ್ತದೆ ಅಂತ ಒಂದು ದಿನ ಸುಮ್ಮನೆ ಗಮನಿಸಿ. ಊಟ, ಸ್ನಾನ, ನಿದ್ದೆ, "ಸಾಕು", "ಬೇಡ", "ಆಮೇಲೆ". ನಮ್ಮ ಮನೆಯಲ್ಲೂ ಅಷ್ಟೇ ಇತ್ತು. ಹನ್ನೊಂದು ವರ್ಷದ ಮಗನ ಕನ್ನಡ ಅಡುಗೆಮನೆ ದಾಟಿ ಗ್ಯಾರೇಜಿನವರೆಗೆ ಬಂದಿರಲಿಲ್ಲ. ಲೆಕ್ಕ ಹಾಕುವುದು, ವಾದ ಮಾಡುವುದು, ಇದಕ್ಕಿಂತ ಅದು ಯಾಕೆ ವಾಸಿ ಅಂತ ಹೇಳುವುದು ಎಲ್ಲ ಇಂಗ್ಲಿಷಿನಲ್ಲೇ. ತುಮಕೂರಿನಲ್ಲಿರುವ ತಾತನ ಜೊತೆ ಭಾನುವಾರದ ವಿಡಿಯೊ ಕಾಲ್ ಎರಡು ನಿಮಿಷಕ್ಕೆ ಮುಗಿಯುತ್ತಿತ್ತು. "ಊಟ ಆಯ್ತೇನಪ್ಪಾ?" "ಆಯ್ತು ತಾತ." ಅಲ್ಲಿಗೆ ಫೋನು ನನ್ನ ಕೈಗೆ. ನನ್ನ ಅಪ್ಪನಿಗೆ ಈಗ 78. ಇವರಿಬ್ಬರಿಗೆ ಸಿಕ್ಕಿರುವ ವರ್ಷಗಳು ಹೀಗೇ ಎರಡೆರಡು ನಿಮಿಷವಾಗಿ ಕಳೆದುಹೋಗುತ್ತವೇನೋ ಎನ್ನುವ ಹೆದರಿಕೆ ನಿಮ್ಮಲ್ಲಿ ಅನೇಕರಿಗೆ ಗೊತ್ತಿರುತ್ತದೆ.

ಅದನ್ನು ಬದಲಾಯಿಸಿದ್ದು ಯಾವ ಕನ್ನಡ ಪಾಠವೂ ಅಲ್ಲ, ಒಂದು ಹಳೇ ಕಾರು. ನಾವಿರುವುದು ಅಮೆರಿಕದ ಓಹಾಯೊದಲ್ಲಿ. ನಮ್ಮದು 2007ರ ಟೊಯೋಟಾ ಸಿಯೆನಾ. ಅಂಗಡಿಯೊಂದರ ಪಾರ್ಕಿಂಗ್‌ನಲ್ಲಿ ಯಾರೋ ಅದರ ಎಡಗಡೆಯ ಹೊರಗನ್ನಡಿ ಒಡೆದು ಹೋಗಿದ್ದರು. ಹೊಸ ಒರಿಜಿನಲ್ ಕನ್ನಡಿ ದುಬಾರಿ, ಮೇಲೆ ಬಣ್ಣ ಬಳಿಸುವ ಖರ್ಚು ಬೇರೆ. ಅದೇ ಬಣ್ಣದ ಹಳೇ ಕಾರಿನಿಂದ ಬಿಚ್ಚಿದ್ದು ಸಿಕ್ಕರೆ ಎರಡೂ ಉಳಿಯುತ್ತದೆ. ಹಾಗಾಗಿ ಇಬೇ, ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್, ಗುಜರಿ ಯಾರ್ಡುಗಳ ಸರಕನ್ನು ಒಂದೇ ಕಡೆ ತೋರಿಸುವ ಕಾರ್-ಪಾರ್ಟ್ ಡಾಟ್ ಕಾಮ್, ಇಷ್ಟರಲ್ಲಿ ಹುಡುಕಾಟ ಶುರುವಾಯಿತು. ಮಗ ಪಕ್ಕದಲ್ಲಿ ಬಂದು ಕೂತ.

ಮಾರ್ಕೆಟ್‌ಪ್ಲೇಸ್ ಬಳಸಲು 18 ತುಂಬಿರಬೇಕು. ಹಾಗಾಗಿ ಖಾತೆ ನನ್ನದು, ಕೀಬೋರ್ಡೂ ನನ್ನದು. ಒಂದು ನಿಯಮ ಮಾಡಿಕೊಂಡೆವು: ಮಾರುವವರನ್ನು ಏನು ಕೇಳಬೇಕು ಅಂತ ಅವನು ಕನ್ನಡದಲ್ಲಿ ಹೇಳಬೇಕು, ನಾನು ಇಂಗ್ಲಿಷಿನಲ್ಲಿ ಟೈಪ್ ಮಾಡುತ್ತೇನೆ. ಈ ಒಂದು ನಿಯಮದಿಂದ ಏನೇನಾಯಿತು ಅಂತ ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಹೆಸರಿಗಿಂತ ಮೊದಲು ನಂಬರು

ಅಪ್ಪನ ಬಳಿ ಬಹಳ ಕಾಲ ಪ್ರೀಮಿಯರ್ ಪದ್ಮಿನಿ ಇತ್ತು. ಎಲ್ಲರೂ ಫಿಯಟ್ ಅಂತಲೇ ಕರೆಯುತ್ತಿದ್ದ ಕಾರು. ಪಾರ್ಟು ಬೇಕಾದರೆ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗುತ್ತಿದ್ದರು. ಅಲ್ಲಿ ಸಿಗದಿದ್ದರೆ ಶಿವಾಜಿನಗರದ ಗುಜರಿ. "ಕೆಟ್ಟಿದ್ದನ್ನ ಬಟ್ಟೇಲಿ ಸುತ್ತಿಕೊಂಡು ಹೋಗಬೇಕು ಕಣಪ್ಪ. ಬರೀ ಹೆಸರು ಹೇಳಿದರೆ ಯಾವುದೋ ಒಂದು ಕೊಟ್ಟು ಕಳಿಸ್ತಾರೆ" ಅಂತ ಮೊಮ್ಮಗನಿಗೆ ಹೇಳಿದರು. ಆನ್‌ಲೈನ್‌ನಲ್ಲಿ ಬಟ್ಟೆಯ ಗಂಟಿನ ಕೆಲಸ ಮಾಡುವುದು ಎರಡು ನಂಬರುಗಳು.

ಒಂದು ವಿಐಎನ್. ವಿಂಡ್‌ಶೀಲ್ಡಿನ ಕೆಳಮೂಲೆಯಲ್ಲಿ ಕಾಣುವ 17 ಅಕ್ಷರ-ಅಂಕಿಗಳ ಸಾಲು. ಅದರಲ್ಲಿ ಐ, ಓ, ಕ್ಯೂ ಅಕ್ಷರಗಳು ಇರುವುದೇ ಇಲ್ಲ. ಒಂದು, ಸೊನ್ನೆಗಳ ಜೊತೆ ಗೊಂದಲವಾಗಬಾರದು ಅಂತ. ಮೊದಲನೆಯದು ಕಾರು ತಯಾರಾದ ಜಾಗ ಹೇಳುತ್ತದೆ. ಜಪಾನಿನದಾದರೆ ಜೆ, ನಮ್ಮದು ಇಂಡಿಯಾನಾದಲ್ಲಿ ತಯಾರಾದದ್ದು, ಹಾಗಾಗಿ 5. ಹತ್ತನೆಯದು ಮಾಡೆಲ್ ವರ್ಷ, ನಮ್ಮದರಲ್ಲಿ 7. ಎರಡನೆಯದು ಪಾರ್ಟ್ ನಂಬರ್. ಟೊಯೋಟಾದಲ್ಲಿ ಮೊದಲ ಐದು ಅಂಕಿ ಅದು ಯಾವ ಭಾಗ ಎಂದು ಹೇಳುತ್ತದೆ: 87910 ಬಲಗಡೆಯ ಹೊರಗನ್ನಡಿ, 87940 ಎಡಗಡೆಯದು. ಮುಂದಿನ ಐದು ಯಾವ ಮಾಡೆಲ್, ಯಾವ ಬಗೆ ಎಂದು. ಮಗ ಇದನ್ನೆಲ್ಲ ತಾತನಿಗೆ ವಿವರಿಸಬೇಕಾಯಿತು. "ಹತ್ತನೇದು" ಎನ್ನುವ ಪದ ಅವನ ಬಾಯಲ್ಲಿ ನಾನು ಕೇಳಿದ್ದು ಆವತ್ತೇ ಮೊದಲು.

ಯಾವ ಎಡ, ಯಾರ ಬಲ?

ಜಾಹೀರಾತಿನಲ್ಲಿ "ಡ್ರೈವರ್ ಸೈಡ್" ಅಂತ ಇತ್ತು. ತಾತ ಕೂಡಲೇ, "ಹಾಗಾದ್ರೆ ಬೇಡ, ಅದು ಬಲಗಡೇದು" ಅಂದರು. ಅವರ ಕಾರಿನಲ್ಲಿ ಡ್ರೈವರು ಕೂರುವುದು ಬಲಕ್ಕೆ ತಾನೇ? ಮಗ ಐದು ನಿಮಿಷ ಎಡ-ಬಲ, ಮುಂದೆ-ಹಿಂದೆ, ಒಳಗೆ-ಹೊರಗೆ ಅಂತ ವಾದ ಮಾಡಿ ಒಪ್ಪಿಸಿದ. ನೀವು ಬ್ರಿಟನ್ನಿನಲ್ಲಿದ್ದರೆ ಜಾಹೀರಾತುಗಳಲ್ಲಿ ಡ್ರೈವರ್ ಕಡೆಗೆ ಆಫ್‌ಸೈಡ್, ಫುಟ್‌ಪಾತ್ ಕಡೆಗೆ ನಿಯರ್‌ಸೈಡ್ ಎನ್ನುತ್ತಾರೆ. ಗೊಂದಲವೇ ಬೇಡವೆಂದರೆ, ಕಾರಿನೊಳಗೆ ಕೂತು ಮುಂದೆ ನೋಡಿದಾಗ ನಿಮ್ಮ ಎಡಗೈ ಇರುವ ಕಡೆಯೇ ಎಡ ಅಂತಿಟ್ಟುಕೊಂಡು, ಫೋಟೊ ನೋಡಿ ಖಚಿತ ಮಾಡಿಕೊಳ್ಳಿ.

ಕನ್ನಡಿಯ ಹಿಂದೆ ಬರುವ ವೈರಿನ ಸಾಕೆಟ್ಟಿನ ಫೋಟೊವನ್ನೂ ಕೇಳಬೇಕು. ಹಿಮ ಕರಗಿಸುವ ಹೀಟರ್ ಇದ್ದರೆ ಪಿನ್ನು ಹೆಚ್ಚು, ತಾನೇ ಮಡಚಿಕೊಳ್ಳುವ ಕನ್ನಡಿಯಾದರೆ ಇನ್ನೂ ಹೆಚ್ಚು. ಹೊರಗೆ ಒಂದೇ ಥರ ಕಂಡರೂ ಪಿನ್ನು ಹೊಂದದಿದ್ದರೆ ಪ್ರಯೋಜನವಿಲ್ಲ. ನಮ್ಮದರಲ್ಲಿ ಐದಿತ್ತು.

ಆರು ಪದಗಳು

"ಒಳ್ಳೆಯ ಸ್ಥಿತಿಯಲ್ಲಿದೆ, ಸ್ವಲ್ಪ ಬಳಕೆಯ ಗುರುತಿದೆ" ಅಂತ ಎಲ್ಲರೂ ಬರೆಯುತ್ತಾರೆ. ಅದರಿಂದ ಏನೂ ತಿಳಿಯುವುದಿಲ್ಲ. ತಾತ ಫೋಟೊಗಳನ್ನು ನೋಡುತ್ತಾ ಒಂದೊಂದೇ ಪದ ಕೊಟ್ಟರು. ಮೇಲೆ ಮೇಲೆ ಕೆರೆದದ್ದು ಗೀರು. ಒಳಕ್ಕೆ ತಗ್ಗಾದದ್ದು ನೆಗ್ಗು. ಕೆಲವರು ನಗ್ಗು ಎಂದೂ ಅನ್ನುತ್ತಾರೆ. ಸೀಳು ಬಿಟ್ಟದ್ದು ಬಿರುಕು. ಅಂಚಿನಲ್ಲಿ ಚೂರು ಹಾರಿದ್ದು ಮುಕ್ಕು. ಕಬ್ಬಿಣ ತಿಂದದ್ದು ತುಕ್ಕು. ಉಜ್ಜಿ ಉಜ್ಜಿ ತೆಳುವಾದದ್ದು ಸವೆತ. ಮಗ ಇವನ್ನು ಒಂದು ಚೀಟಿಯಲ್ಲಿ ಬರೆದು ಲ್ಯಾಪ್‌ಟಾಪಿಗೆ ಅಂಟಿಸಿಕೊಂಡ. ಆಮೇಲೆ ಪ್ರತಿ ಫೋಟೊ ದೊಡ್ಡದು ಮಾಡಿ, "ತಾತ, ಇದು ಮುಕ್ಕಾ, ಬಿರುಕಾ?" ಅಂತ ಕೇಳತೊಡಗಿದ.

ಅದಕ್ಕಿಂತ ಮುಖ್ಯವಾದದ್ದು ಪದಗಳ ಹಿಂದೆ ಬಂದ ವಾಕ್ಯಗಳು. "ಗೀರಿದ್ದರೆ ಪರವಾಗಿಲ್ಲ, ಬಿರುಕಿದ್ದರೆ ಬೇಡ." "ಅವರು ಶಿಪ್ಪಿಂಗ್ ಬಿಟ್ಟರೆ ತಗೋಬಹುದು." "ತುಕ್ಕಿಲ್ಲದಿದ್ದರೂ ಬೆಲೆ ಜಾಸ್ತಿ." ಇದ್ದರೆ, ಬಿಟ್ಟರೆ, ಇಲ್ಲದಿದ್ದರೂ: ಹೊರದೇಶದಲ್ಲಿ ಬೆಳೆಯುವ ನಮ್ಮ ಮಕ್ಕಳಿಗೆ ಕಷ್ಟವಾಗುವುದು ಇವೇ. ಊಟಕ್ಕೆ ಕರೆಯುವಾಗ ಇವುಗಳ ಅಗತ್ಯ ಅಷ್ಟಾಗಿ ಬರುವುದಿಲ್ಲ. ದುಡ್ಡು ಕೊಟ್ಟು ಕಣ್ಣಿಗೆ ಕಾಣದ ವಸ್ತು ಕೊಳ್ಳುವಾಗ ಇವಿಲ್ಲದೆ ಒಂದು ಹೆಜ್ಜೆಯೂ ಮುಂದೆ ಹೋಗುವುದಿಲ್ಲ.

ತುಕ್ಕಿನ ವಿಷಯದಲ್ಲಿ ಇನ್ನೊಂದು ಚರ್ಚೆ ನಡೆಯಿತು. ನಮ್ಮ ಓಹಾಯೊದಲ್ಲಿ ಚಳಿಗಾಲದ ರಸ್ತೆಗೆ ಉಪ್ಪು ಸುರಿಯುತ್ತಾರೆ, ಕಬ್ಬಿಣವೆಲ್ಲ ತುಕ್ಕು. ಅರಿಜೋನಾದ ಕಾರಿಗೆ ತುಕ್ಕು ಕಡಿಮೆ, ಆದರೆ ಬಿಸಿಲಿಗೆ ಪ್ಲಾಸ್ಟಿಕ್ಕು, ರಬ್ಬರು ಪೆಡಸಾಗಿ ಒಡೆಯುತ್ತದೆ. ಕಬ್ಬಿಣದ ಭಾಗ ಅಲ್ಲಿಂದ, ಪ್ಲಾಸ್ಟಿಕ್ಕಿನದು ಬಿಸಿಲು ಕಡಿಮೆ ಇರುವ ಕಡೆಯಿಂದ ಎನ್ನುವ ತೀರ್ಮಾನಕ್ಕೆ ಬಂದದ್ದು ಅವರಿಬ್ಬರೇ. ನಾನು ಟೈಪಿಸ್ಟು ಮಾತ್ರ.

ಬೇಡವೆನ್ನುವುದೂ ಕಲಿಕೆಯೇ

ಎಲ್ಲವನ್ನೂ ಹಳೇದು ಕೊಳ್ಳಬಾರದು. ಏರ್‌ಬ್ಯಾಗ್, ಸೀಟ್ ಬೆಲ್ಟ್, ಬ್ರೇಕ್ ಪ್ಯಾಡ್, ಟೈಮಿಂಗ್ ಬೆಲ್ಟ್ ಹೊಸದೇ ಇರಲಿ. ತಕಾಟಾ ಕಂಪನಿಯ ಏರ್‌ಬ್ಯಾಗುಗಳನ್ನು ಅಮೆರಿಕದಲ್ಲೇ ಸುಮಾರು 6.7 ಕೋಟಿಯಷ್ಟು ವಾಪಸ್ ಕರೆಸಬೇಕಾಯಿತು; ಅಂಥದ್ದು ಗುಜರಿ ಕಾರಿನಿಂದ ನಿಮ್ಮ ಕಾರಿಗೆ ಬರಬಾರದು. ಅಪಘಾತ ಕಂಡಿದೆಯೋ ಇಲ್ಲವೋ ತಿಳಿಯದ ಮಕ್ಕಳ ಕಾರ್ ಸೀಟು ಎಷ್ಟೇ ಅಗ್ಗವಾದರೂ ಬೇಡ. ಕ್ಯಾಟಲಿಟಿಕ್ ಕನ್ವರ್ಟರಿನ ಹತ್ತಿರವೂ ಹೋಗಬೇಡಿ, ಅದರ ಕಳ್ಳತನ ಜಾಸ್ತಿ. "ಯಾಕೆ ಬೇಡ?" ಅಂತ ಮಗು ಕೇಳಿದರೆ ಕನ್ನಡದಲ್ಲೇ ಉತ್ತರಿಸಿ. ಈ ಭಾಷೆಯಲ್ಲಿ ಕಾರಣ ಕೇಳಬಹುದು, ಕಾರಣ ಸಿಗುತ್ತದೆ ಅಂತ ಅದಕ್ಕೆ ಗೊತ್ತಾಗಲಿ.

ನೋಡುವ ಮೊದಲೇ ಮುಂಗಡ ಕಳಿಸಿ ಎನ್ನುವವರನ್ನು ಬಿಟ್ಟುಬಿಡಿ. ಊರಿನಲ್ಲೇ ಸಿಕ್ಕರೆ ಹಗಲಿನಲ್ಲಿ, ಜನ ಓಡಾಡುವ ಜಾಗದಲ್ಲಿ ಭೇಟಿಯಾಗಿ. ದೂರದಿಂದ ತರಿಸುವಾಗ ವಾಪಸಾತಿ ಇದೆಯೇ ನೋಡಿ, ಸೈಟಿನ ಒಳಗೇ ಹಣ ಕೊಡಿ. ಬೆಲೆಗೆ ಶಿಪ್ಪಿಂಗ್ ಕೂಡಿಸಿಯೇ ಹೋಲಿಸಿ. ಆ ಲೆಕ್ಕವನ್ನು ಮಗುವಿಗೆ ಕೊಡಿ, ಬಾಯಿಬಿಟ್ಟು ಕನ್ನಡದಲ್ಲಿ ಕೂಡಲಿ.

ನಮಗೆ ಕನ್ನಡಿ ಸಿಕ್ಕಿತು, ಶಿಪ್ಪಿಂಗ್ ಸೇರಿ 65 ಡಾಲರಿಗೆ. ಒಂದು ಗೀರಿತ್ತು, ಬಿರುಕಿರಲಿಲ್ಲ. ಬಾಗಿಲ ಒಳಗಿನ ಮೂರು ನಟ್ಟು ಬಿಚ್ಚಿ ಹೊಸದನ್ನು ಕೂರಿಸುವಾಗ ತಾತ ಫೋನಿನಲ್ಲೇ ಇದ್ದರು. "ಬಿಗಿ ಮಾಡ್ಬೇಡಪ್ಪ ಇನ್ನೂ, ಮೂರೂ ಸಡಿಲವಾಗಿ ಕೂರಲಿ, ಆಮೇಲೆ ಒಂದೊಂದೇ ಬಿಗಿ ಮಾಡು." ಮಗ ಹಾಗೇ ಮಾಡಿದ. ಆ ಕಾಲ್ ನಡೆದದ್ದು ನಲವತ್ತು ನಿಮಿಷ. ಈಗ ಇಬ್ಬರೂ ಹಿಂದಿನ ಸೀಟಿನ ಕಪ್ ಹೋಲ್ಡರಿನ ಮುಚ್ಚಳದ ಬೆನ್ನು ಬಿದ್ದಿದ್ದಾರೆ. ಅದು ಹೊಸದಾಗಿ ಎಲ್ಲೂ ಸಿಗುತ್ತಿಲ್ಲ. ಮೂರು ತಿಂಗಳಾಯಿತು. ಅದು ಇಲ್ಲದೆಯೂ ಕಾರು ಚೆನ್ನಾಗೇ ಓಡುತ್ತಿದೆ, ನನಗೇನೂ ಅವಸರವಿಲ್ಲ.

ನಿಮ್ಮ ಊರಿನಲ್ಲಿ ಇದೇ ಸಂತೆಗೆ ಬೇರೆ ಹೆಸರಿರಬಹುದು: ದುಬೈಯಲ್ಲಿ ಡುಬಿಝಲ್, ಆಸ್ಟ್ರೇಲಿಯಾದಲ್ಲಿ ಗಮ್‌ಟ್ರೀ, ಸಿಂಗಪುರದಲ್ಲಿ ಕರುಸೆಲ್, ಜರ್ಮನಿಯಲ್ಲಿ ಕ್ಲೈನ್‌ಆನ್‌ಝೈಗನ್. ಕಾರಿಲ್ಲದಿದ್ದರೆ ಸೈಕಲ್ಲಿನ ಪೆಡಲ್ ಆದೀತು, ಹೊಲಿಗೆ ಮಷೀನಿನ ಬಾಬಿನ್ ಆದೀತು. ಮುಂದಿನ ಸಲ ಮನೆಯಲ್ಲಿ ಏನಾದರೂ ಮುರಿದಾಗ ಹೊಸದಕ್ಕೆ ಆರ್ಡರ್ ಮಾಡುವ ಮುಂಚೆ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ, ಊರಿಗೆ ಒಂದು ಫೋನ್ ಹಚ್ಚಿ. ಏನು ಮುರಿದಿದೆ, ಎಲ್ಲಿ ಮುರಿದಿದೆ ಅಂತ ಮಗುವೇ ಹೇಳಲಿ.