ತೊಟ್ಟಿಲಿಗೆ ಯಾರ ಸೀರೆ?

ನಮ್ಮ ಕೃಷ್ಣರಾಜನಗರದ ಕಡೆ ಬಾಣಂತಿ ಮನೆಯಲ್ಲಿ ಹೊಸ ಬಟ್ಟೆಗಿಂತ ಮೊದಲು ಹುಡುಕುವುದು ಹಳೆಯ ಹತ್ತಿ ಸೀರೆಯನ್ನು. ಒಗೆದೊಗೆದು ಮೆತ್ತಗಾದ ಬಟ್ಟೆ ಎಳೆಯ ಮೈಗೆ ಒರಟಲ್ಲ, ಬೆವರು ಹೀರುತ್ತದೆ. ಈಗ ಆ ಜಾಗಕ್ಕೆ ಮಗುವಿನ ಹೆಸರು ಅಚ್ಚಾದ ಪಾಲಿಯೆಸ್ಟರ್ ರಜಾಯಿ ಬರುತ್ತಿದೆ. ನನಗಿದು ದೊಡ್ಡ ನಷ್ಟವೆನಿಸುತ್ತದೆ.

ಉತ್ತರ ಕನ್ನಡದ ಸಿದ್ದಿ ಸಮುದಾಯದ ಹೆಂಗಸರು ಹಳೆಯ ಬಟ್ಟೆಯಿಂದಲೇ ಮಾಡುವ ಕೌದಿ, ‘ಕವಂದಿ’ ನೋಡಿ. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸುತ್ತ ಅದನ್ನು ಕೈಯಲ್ಲೇ ಹೊಲಿಯುತ್ತಾರೆ. ಅಂಚಿನಿಂದ ಶುರುಮಾಡಿ, ತುಂಡಿನ ಪಕ್ಕ ತುಂಡಿಟ್ಟು, ಎಲ್ಲ ಪದರಗಳನ್ನೂ ಹಿಡಿದು ಸಾಲುಹೊಲಿಗೆ ಹಾಕುತ್ತಾ ನಡುವಿಗೆ ಬರುತ್ತಾರೆ. ತೊಟ್ಟಿಲಿನ ಕವಂದಿಯಲ್ಲಿ ಗಾಢ ಬಣ್ಣದ ಪುಟ್ಟ ಚೂರುಗಳು ತುಂಬಿರುತ್ತವೆ. ನಾಲ್ಕೂ ಮೂಲೆಗೆ ಬಟ್ಟೆ ಮಡಚಿದ ‘ಫುಲ’ ಕೂರದಿದ್ದರೆ ಅವರ ಲೆಕ್ಕದಲ್ಲಿ ಕವಂದಿ ಮುಗಿದೇ ಇಲ್ಲ. 2011ರಲ್ಲಿ ಈ ಕವಂದಿಗಳು ನ್ಯೂಯಾರ್ಕ್‌ನ ಹಾರ್ಲೆಮ್‌ನಲ್ಲಿರುವ ಷೋಂಬರ್ಗ್ ಕೇಂದ್ರದಲ್ಲಿ ಪ್ರದರ್ಶನಗೊಂಡವು. ಎಷ್ಟು ಹೆಮ್ಮೆಯ ಸಂಗತಿ!

ಕಾವೇರಿ ಬಯಲಿನ ನಮಗೂ ಸೂಜಿ ಹೊಸದಲ್ಲ. ಅಜ್ಜಿಯ ಸೀರೆ, ತಾತನ ಪಂಚೆ, ತಾಯಿಯ ಕಾಲೇಜು ದಿನಗಳ ಚೂಡಿದಾರ ಸೇರಿ ಒಂದು ಕೌದಿಯಾದರೆ ಮಗುವಿನ ಹೆಸರು ಬರೆಯದೆಯೂ ಅದು ಆ ಮಗುವಿನದೇ ಆಗುತ್ತದೆ.

ಹೊಲಿಯುವವರಲ್ಲಿ ಒಂದು ಕೋರಿಕೆ. ಗುಂಡಿ, ಮಣಿ, ಚುಚ್ಚುವ ಜರಿ ಬೇಡ. ಬಣ್ಣ ಬಿಡುತ್ತದೆಯೇ ಎಂದು ಮೊದಲೇ ನೆನೆಸಿ ನೋಡಿ. ವರ್ಷ ತುಂಬದ ಮಗು ನಿದ್ದೆಯಲ್ಲಿರುವಾಗ ದಪ್ಪ ಹೊದಿಕೆ ಹೊದಿಸಬಾರದು, ಉಸಿರು ಕಟ್ಟುವ ಅಪಾಯವಿದೆ. ಎಚ್ಚರವಿದ್ದಾಗ ಕೌದಿಯನ್ನು ನೆಲಕ್ಕೆ ಹಾಸಿ, ಮಗುವನ್ನು ಬೋರಲು ಬಿಟ್ಟು, ಪಕ್ಕದಲ್ಲೇ ಕೂತಿರಿ.