ಅಪ್ಪನ ಚುಟ್ಟಕ್ಕೆ ಮಿನಿಯಾಪೊಲಿಸ್ ಚಳಿ

ಜನವರಿಯ ಒಂದು ಭಾನುವಾರ ಬೆಳಿಗ್ಗೆ ಪೆಟ್ಟಿಗೆ ತೆಗೆದು ಒಂದು ಸಿಗಾರ್ ಕೈಗೆತ್ತಿಕೊಂಡೆ. ಹೆಬ್ಬೆರಳಲ್ಲಿ ಮೆಲ್ಲಗೆ ಒತ್ತಿದ್ದಷ್ಟೇ, ಹಪ್ಪಳ ಮುರಿದ ಹಾಗೆ ಚಟ್ ಅಂತು. ಮೇಲೆ ಸುತ್ತಿದ್ದ ಎಲೆ ಉದ್ದಕ್ಕೂ ಬಿರುಕು ಬಿಟ್ಟಿತ್ತು. ಒಂದೊಂದಾಗಿ ನೋಡಿದೆ. ಇಪ್ಪತ್ತರಲ್ಲಿ ಆರು ಹೀಗೇ ಒಡೆದಿದ್ದವು.

ನಾನೇನೂ ದೊಡ್ಡ ಸಿಗಾರ್ ಪ್ರೇಮಿಯಲ್ಲ. ವರ್ಷಕ್ಕೆ ಒಂದೋ ಎರಡೋ, ಅದೂ ಬೇಸಿಗೆಯಲ್ಲಿ ಆಫೀಸಿನವರ ಜೊತೆ. ಒಳ್ಳೇ ಅಭ್ಯಾಸ ಅಲ್ಲ ಅಂತ ಗೊತ್ತಿದೆ, ಮರೆತರೆ ನೆನಪಿಸೋಕೆ ಹೆಂಡತಿ ಇದ್ದಾಳೆ. ಈ ಪೆಟ್ಟಿಗೆ ತಂದಿದ್ದು ಅಪ್ಪನಿಗೆ.

ನಮ್ಮದು ಪಿರಿಯಾಪಟ್ಟಣದ ಕಡೆ ಹಳ್ಳಿ. ಅಪ್ಪ ಮೂವತ್ತು ವರ್ಷದಿಂದ ಹೊಗೆಸೊಪ್ಪು ಬೆಳೆಯುತ್ತಿದ್ದಾನೆ. ನನ್ನ ಇಂಜಿನಿಯರಿಂಗ್ ಫೀಸು, ಹಾಸ್ಟೆಲ್ ಖರ್ಚು ಎಲ್ಲ ಬಂದಿದ್ದು ಆ ಸೊಪ್ಪಿನಿಂದಲೇ. ಬೇಲ್ ಕಟ್ಟಿ ತಂಬಾಕು ಮಂಡಳಿಯ ಹರಾಜಿಗೆ ಒಯ್ದು ಬಿಟ್ಟರೆ ಅವನ ಕೆಲಸ ಮುಗಿಯಿತು. ಆಮೇಲೆ ಸೊಪ್ಪು ಎಲ್ಲಿಗೆ ಹೋಗುತ್ತದೆ, ಏನಾಗುತ್ತದೆ ಅಂತ ಅವನು ನೋಡಿಲ್ಲ. ಬೀಡಿ ಬಿಟ್ಟೂ ಹತ್ತು ವರ್ಷ ಆಯ್ತು. ಜೂನ್‌ನಲ್ಲಿ ಅಪ್ಪ ಅವ್ವ ಇಲ್ಲಿಗೆ ಬರುವುದು ಅಂತ ನಿಕ್ಕಿ ಆದಾಗ, ಒಳ್ಳೇ ಎಲೆ ಕೊನೆಗೆ ಏನಾಗುತ್ತದೆ ಅಂತ ಅವನಿಗೆ ತೋರಿಸಬೇಕು ಅನ್ನಿಸಿತು. ನವೆಂಬರ್‌ನಲ್ಲಿ ರಿಯಾಯಿತಿ ಸಿಕ್ಕಿತು, ನಿಕರಾಗುವಾದ ಸಿಗಾರ್ ಇಪ್ಪತ್ತು ಕೊಂಡೆ. ಜೊತೆಗೆ ಸೀಡರ್ ಮರದ ಒಂದು ಹ್ಯುಮಿಡಾರ್, ಅಂದರೆ ತೇವ ಹಿಡಿದಿಡುವ ಪೆಟ್ಟಿಗೆ. ಮುಚ್ಚಳದ ಮೇಲೆ ಗಡಿಯಾರದಂಥ ತೇವಮಾಪಕ. ಮುಳ್ಳು 68 ತೋರಿಸುತ್ತಿತ್ತು. ಸಿಗಾರ್‌ಗೆ ಬೇಕಾದದ್ದು ಶೇಕಡಾ 65ರಿಂದ 70. ಸರಿಯಾಗಿದೆಯಲ್ಲ ಅಂದುಕೊಂಡು ನಿಶ್ಚಿಂತೆಯಾಗಿದ್ದೆ.

ಮಿನಿಯಾಪೊಲಿಸ್ ಚಳಿಯ ಲೆಕ್ಕ ನನಗೆ ಆಗ ಹೊಳೆದಿರಲಿಲ್ಲ. ಗಾಳಿ ತಣ್ಣಗಾದಷ್ಟೂ ಅದು ಹಿಡಿದಿಟ್ಟುಕೊಳ್ಳುವ ನೀರಾವಿ ಕಡಿಮೆ. ಸೊನ್ನೆ ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ 5 ಗ್ರಾಂ ನೀರಾವಿ ಹಿಡಿದೀತು, 20 ಡಿಗ್ರಿಯಲ್ಲಿ 17 ಗ್ರಾಂ. ಮೈನಸ್ 20ರಲ್ಲಿ ಒಂದು ಗ್ರಾಂ ಇದ್ದರೆ ಹೆಚ್ಚು. ಅದೇ ಗಾಳಿ ಮನೆಯೊಳಗೆ ಬಂದು ಹೀಟರ್‌ನಲ್ಲಿ ಬಿಸಿಯಾದರೆ ಮರುಭೂಮಿಯ ಗಾಳಿಗಿಂತ ಒಣ. ತುಟಿ ಒಡೆಯೋದು, ಬಾಗಿಲ ಹಿಡಿ ಮುಟ್ಟಿದರೆ ಶಾಕ್ ಹೊಡೆಯೋದು, ಮರದ ನೆಲ ಸಂದು ಬಿಡೋದು, ಎಲ್ಲ ಇದಕ್ಕೇ. ತುಟಿಗೆ ವ್ಯಾಸಲೀನ್ ಹಚ್ಚಿಕೊಂಡು ಓಡಾಡುತ್ತಿದ್ದ ನನಗೆ ಎಲೆಗೂ ಅದೇ ಗತಿ ಅಂತ ತಲೆಗೆ ಹೋಗಲಿಲ್ಲ ನೋಡಿ.

ಮಾಡಿದ ತಪ್ಪು ಒಂದೆರಡಲ್ಲ. ಪೆಟ್ಟಿಗೆ ಇಟ್ಟಿದ್ದ ಶೆಲ್ಫಿನ ಕೆಳಗೇ ಬಿಸಿಗಾಳಿ ಬರುವ ಕಿಂಡಿ. ಹೊಸ ಮರದ ಪೆಟ್ಟಿಗೆಗೆ ಮೊದಲು ನೀರು ಕುಡಿಸಬೇಕು, ಒಳಗೆ ತೇವ ಇಟ್ಟು ಎರಡು ವಾರ ಖಾಲಿ ಬಿಡಬೇಕು. ಇಲ್ಲವಾದರೆ ಒಣಗಿದ ಮರ ಸಿಗಾರ್‌ನಲ್ಲಿರುವ ತೇವವನ್ನೇ ಹೀರುತ್ತದೆ. ಆ ಕೆಲಸ ಬಿಟ್ಟಿದ್ದೆ. ಇನ್ನು ತೇವಮಾಪಕದ ಕಥೆ. ಅನುಮಾನ ಬಂದು ಉಪ್ಪಿನ ಪರೀಕ್ಷೆ ಮಾಡಿದೆ. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು, ಕೆಸರಿನಂತಾಗುವಷ್ಟು ಮಾತ್ರ ನೀರು. ಮಾಪಕದ ಜೊತೆ ಅದನ್ನು ಜಿಪ್ ಕವರಿನಲ್ಲಿ ಹಾಕಿ ರಾತ್ರಿಯಿಡೀ ಇಟ್ಟರೆ 75 ತೋರಿಸಬೇಕು. ನನ್ನದು ಆಗಲೂ 68! ಮುಳ್ಳು ಅಲ್ಲಾಡುತ್ತಲೇ ಇರಲಿಲ್ಲ. ಡಿಜಿಟಲ್ ಮಾಪಕ ತಂದು ಪೆಟ್ಟಿಗೆಯೊಳಗೆ ಇಟ್ಟರೆ 44. ಕೋಡ್ ಬರೆಯುವಾಗ ಮಾನಿಟರಿಂಗ್ ಸರಿಯಿದೆಯಾ ಅಂತ ಹತ್ತು ಸಲ ನೋಡುವವನು ನಾನು.

ಆ ಸಂಜೆ ಊರಿಗೆ ಫೋನ್ ಮಾಡಿದೆ. ಉಡುಗೊರೆ ಅಂತ ಹೇಳದೆ, ಸ್ನೇಹಿತನೊಬ್ಬನ ಚುಟ್ಟ ಒಣಗಿ ಒಡೀತಿದೆ, ನೀರು ಚಿಮುಕಿಸಿದರೆ ಸರಿಹೋಗುತ್ತಾ ಅಂತ ಕೇಳಿದೆ.

‘ನೀರು ಗೀರು ಮುಟ್ಟಿಸಬ್ಯಾಡ ಕಣ್ಲಾ,’ ಅಂದ ಅಪ್ಪ. ‘ಬ್ಯಾರನ್ ಆರಿದ್ ಮ್ಯಾಲೆ ಸೊಪ್ಪು ಹಂಗೇ ಇಳಿಸ್ತೀವಾ? ಮುಟ್ಟುದ್ರೆ ಪುಡಿ ಆಯ್ತದೆ. ರಾತ್ರಿ ಬಾಗ್ಲು ತೆಗ್ದು ಬುಡ್ತೀವಿ. ತಣ್ಣನ್ ಗಾಳಿ ಹಂಗೇ ಒಳೀಕ್ ಬಂದು ಸೊಪ್ಪು ಮೆತ್ತಗಾಯ್ತದೆ. ಆತುರ ಬಿದ್ರೆ ಮ್ಯಾಲ್ ಮ್ಯಾಲೆ ನೆನೀತದೆ, ಒಳಗೆ ಒಣಗೇ ಇರ್ತದೆ. ಬೂಸ್ಟು ಹಿಡೀತದೆ ಅಷ್ಟೇ.’

ಸಿಗಾರ್ ಬಲ್ಲವರೂ ಹೇಳುವುದು ಇದನ್ನೇ. ಒಮ್ಮೆಲೇ ತೇವ ಕೊಟ್ಟರೆ ಒಳಗಿನ ಎಲೆ ಉಬ್ಬಿ, ತೆಳುವಾದ ಹೊರ ಎಲೆಯನ್ನು ಸೀಳಿಬಿಡುತ್ತದೆ. ಅಪ್ಪನಿಗೆ ಇದನ್ನು ಯಾರೂ ಹೇಳಿಕೊಟ್ಟಿಲ್ಲ, ಬೆರಳಿಗೆ ಗೊತ್ತು. ಬ್ಯಾರನ್ ಹೊತ್ತಿದ್ದ ರಾತ್ರಿಗಳಲ್ಲಿ ನಾನೂ ಅಲ್ಲೇ ಲೈಟಿನ ಕೆಳಗೆ ಓದುತ್ತಾ ಕೂತಿರುತ್ತಿದ್ದೆ. ಬೆಳಗಿನ ಜಾವ ಅವನು ಎದ್ದು ಬಾಗಿಲು ತೆಗೆಯುತ್ತಿದ್ದುದು ನೆನಪಿದೆ. ಯಾಕೆ ಅಂತ ಒಂದು ದಿನವೂ ಕೇಳಿರಲಿಲ್ಲ.

ಸರಿ, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಗೆ ಸಿಗಾರ್‌ಗಳನ್ನು ಸಾಗಿಸಿದೆ. ತೇವ ಹೆಚ್ಚಾದರೆ ಹೀರಿ, ಕಡಿಮೆಯಾದರೆ ಬಿಡುವ ಪೊಟ್ಟಣಗಳು ಸಿಗುತ್ತವೆ. ಒಳಗಿರುವುದು ಉಪ್ಪಿನ ದ್ರಾವಣವೇ. ಅವನ್ನು ಮಾಡುವ ಬೊವೆಡಾ ಕಂಪನಿ ಇರುವುದೂ ಇದೇ ಮಿನೆಸೋಟದಲ್ಲಿ. ಇಲ್ಲಿನ ಚಳಿಗಾಲ ಕಂಡವರಿಗೆ ಆಶ್ಚರ್ಯವಾಗದು. ಮೊದಲು 65ರ ಪೊಟ್ಟಣ ಮೂರು ವಾರ, ಆಮೇಲೆ 69ರದ್ದು. ಅಷ್ಟರಲ್ಲಿ ಮರದ ಪೆಟ್ಟಿಗೆಗೆ 84ರ ಪೊಟ್ಟಣ ಹಾಕಿ ಹದ ಮಾಡಿದೆ. ಹೀಟರ್ ಕಿಂಡಿ, ಕಿಟಕಿ, ಹೊರಗೋಡೆ ಮೂರರಿಂದಲೂ ದೂರ, ಬಟ್ಟೆ ಕಪಾಟಿನ ಒಳಗೆ ಜಾಗ ಮಾಡಿದೆ. ಹೆಂಡತಿಯ ರೇಷ್ಮೆ ಸೀರೆಗಳ ಪಕ್ಕ. ಆ ಮಾತುಕತೆಯ ವಿವರ ಇಲ್ಲಿ ಬೇಡ. ಮಾರ್ಚ್ ಹೊತ್ತಿಗೆ ಸಿಗಾರ್‌ಗಳು ಒತ್ತಿದರೆ ಬಗ್ಗಿ ಮತ್ತೆ ಎದ್ದು ಬರುವಂತಾದವು. ಒಡೆದ ಆರು ಒಡೆದೇ ಉಳಿದವು.

ಜೂನ್‌ನಲ್ಲಿ ನಾಟಿ ಮುಗಿಸಿಕೊಂಡು ಬಂದರು. ಎರಡನೇ ದಿನ ಪೆಟ್ಟಿಗೆ ಅಪ್ಪನ ಮುಂದಿಟ್ಟೆ. ಒಂದನ್ನು ತೆಗೆದು ಕಿವಿಯ ಹತ್ತಿರ ಹಿಡಿದು ಹೊರಳಿಸಿದ. ಒತ್ತಿದ. ಮೂಸಿದ.

‘ಇದು ಬ್ಯಾರನ್ ಸೊಪ್ಪಲ್ಲ.’

ನಿಜ. ಸಿಗಾರ್ ಎಲೆಯನ್ನು ಬೆಂಕಿ ಹಾಕಿ ಬೇಯಿಸುವುದಿಲ್ಲ, ನೆರಳಿನ ಗಾಳಿಗೆ ತೂಗುಹಾಕಿ ಒಣಗಿಸಿ ಆಮೇಲೆ ರಾಶಿ ಹಾಕಿ ಹುದುಗು ಬರಿಸುತ್ತಾರೆ. ಅದನ್ನೆಲ್ಲ ಕೇಳಿದ ಮೇಲೆ ಅವನ ಪ್ರಶ್ನೆ ಒಂದೇ, ‘ಎಷ್ಟ್ ಕೊಟ್ಟೆ?’ ಒಂದಕ್ಕೆ ಒಂಬತ್ತು ಡಾಲರ್ ಅಂದೆ. ಮನಸ್ಸಲ್ಲೇ ರೂಪಾಯಿ ಮಾಡಿಕೊಂಡ. ‘ಮೂರು ಕೆಜಿ ಸೊಪ್ಪಿನ ದುಡ್ಡಲ್ಲೋ ಇದು,’ ಅಂದವನು ಸ್ವಲ್ಪ ಹೊತ್ತು ಅದನ್ನೇ ನೋಡುತ್ತಾ ಕೂತ. ಹಚ್ಚಲಿಲ್ಲ. ಮತ್ತೆ ಅದೇ ಜಾಗದಲ್ಲಿಟ್ಟು ಮುಚ್ಚಳ ಒತ್ತಿ ನೋಡಿ, ‘ಈ ಮೂಲೇಲಿ ಗಾಳಿ ಆಡ್ತದೆ, ನೋಡ್ಕೊ’ ಅಂದ. ಅವ್ವ ದೂರದಿಂದಲೇ ಮೂಗು ಮುಚ್ಚಿಕೊಂಡಳು.

ಜುಲೈ ಕೊನೆಗೆ, ಬ್ಯಾರನ್ ಹಚ್ಚುವ ಹೊತ್ತಿಗೆ ಊರಲ್ಲಿರಬೇಕು ಅಂತ ಹೊರಟರು. ಹೊರಡುವಾಗ ಒಡೆದಿದ್ದರಲ್ಲಿ ಒಂದನ್ನು ಕೇಳಿ ತೆಗೆದುಕೊಂಡ, ಊರಲ್ಲಿ ತೋರಿಸೋಕೆ. ಪೊಟ್ಟಣ ಒಂದು ಜೊತೆಗೆ ಹಾಕಿಕೊಡಲಾ ಅಂದೆ.

‘ಬ್ಯಾಡ ಬುಡು. ಅಲ್ಲಿ ಮಳೆ ಹಿಡ್ದದೆ.’